ಬೂಸಾ ಡಬ್ಬದೊಳಗೊಂದು ಹಟ್ಟಿ

"ಎಂಥ ಮಾರಾಯ್ರೆ ಇದು, ಮಡಕೆ ತುಂಬ ಹುಳ ಉಂಟು!"

ಆಟಿ ತಿಂಗಳ ಒಂದು ಬೆಳಿಗ್ಗೆ, ಮಳೆ ತುಸು ಹೊಳವಾಗಿದ್ದ ಹೊತ್ತಿನಲ್ಲಿ ಪಕ್ಕದ ಮನೆಯ ಅಕ್ಕ ಕಂಪೌಂಡಿನ ಆಚೆಯಿಂದ ಕೂಗಿದರು. ಅಡುಗೆಮನೆಯ ಹಸಿಕಸ ಹಾಕುವ ಗೊಬ್ಬರದ ಮಡಕೆ ಅವರದು. ಹೋಗಿ ಮುಚ್ಚಳ ತೆಗೆದು ನೋಡಿದರೆ ಬೂದು ಬಣ್ಣದ ಚಪ್ಪಟೆ ಹುಳುಗಳು, ಒಂದೊಂದೂ ಬೆರಳಿನ ಗೆಣ್ಣಿನಷ್ಟು, ಸೌತೆಯ ಸಿಪ್ಪೆಯ ಮೇಲೆ ಮಿಜಿಗುಡುತ್ತಿದ್ದವು. ಅಕ್ಕನ ಕೈಯಲ್ಲಿ ಬಿಸಿನೀರಿನ ಪಾತ್ರೆ. "ಹೊಯ್ಯಬೇಡಿ ಅಕ್ಕ. ಎರಡು ಸೌಟು ತೆಗೆದು ನಿಮ್ಮ ಕೋಳಿಗೆ ಹಾಕಿ, ಏನು ಮಾಡ್ತವೆ ನೋಡುವ" ಎಂದೆ. ಅವರ ಊರಿನ ಕೋಳಿಗಳು ಅಕ್ಕಿ ಬಿಟ್ಟು ಓಡಿ ಬಂದವು. ಆ ದಿನದಿಂದ ಆ ಮಡಕೆಗೆ ಬಿಸಿನೀರು ಬಿದ್ದಿಲ್ಲ.

ಅದು ಬ್ಲ್ಯಾಕ್ ಸೋಲ್ಜರ್ ಎಂಬ ನೊಣದ ಮರಿ. ಅಮೆರಿಕ ಖಂಡದಿಂದ ಹೊರಟು ಬೆಚ್ಚಗಿನ ದೇಶಗಳಲ್ಲೆಲ್ಲ ನೆಲೆಸಿರುವ ಜಾತಿ. ಹೆಸರು ನೊಣವಾದರೂ ಮನೆನೊಣದ ಚಾಳಿ ಅದಕ್ಕಿಲ್ಲ. ರೆಕ್ಕೆ ಬಂದ ಮೇಲೆ ಅದು ಊಟವನ್ನೇ ಮಾಡುವುದಿಲ್ಲ. ಮರಿಯಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲೇ ಒಂದು ವಾರ ಬದುಕಿ, ಬಿಸಿಲಿನಲ್ಲಿ ಜೊತೆಗೂಡಿ, ಕಸದ ಹತ್ತಿರದ ಒಣ ಬಿರುಕಿನಲ್ಲಿ ಸುಮಾರು 500 ಮೊಟ್ಟೆ ಇಟ್ಟು ಸಾಯುತ್ತದೆ. ನಮ್ಮ ಅನ್ನದ ಬಟ್ಟಲಿನಲ್ಲಿ ಅದಕ್ಕೆ ಕೆಲಸವಿಲ್ಲ. ನಾಲ್ಕು ದಿನಕ್ಕೆ ಒಡೆದ ಮರಿ ಎರಡು ಮೂರು ವಾರ ಎಡೆಬಿಡದೆ ತಿನ್ನುತ್ತದೆ. ಬೆಳೆದು ಕಪ್ಪಾದಾಗ ತಾನಾಗಿಯೇ ಒದ್ದೆ ಬಿಟ್ಟು ಒಣ ಜಾಗ ಹುಡುಕಿಕೊಂಡು ಮೇಲೇರುತ್ತದೆ. ಮಡಕೆಯ ಬಾಯಿಗೆ ಓರೆಯಾಗಿ ಒಂದು ಪೈಪು ಇಟ್ಟರೆ ಅದರಲ್ಲಿ ಹತ್ತಿ ಬಂದು ಬಾಟಲಿಗೆ ಬೀಳುತ್ತದೆ. ಕೈ ಹಾಕಿ ಹೆಕ್ಕಬೇಕಾಗಿಲ್ಲ. ಒಣಗಿಸಿದ ಹುಳುವಿನಲ್ಲಿ ನೂರಕ್ಕೆ 40ರ ಆಸುಪಾಸು ಪ್ರೊಟೀನು, 30ರ ಹತ್ತಿರ ಕೊಬ್ಬು, ಬೇರೆ ಹುಳುಗಳಿಗಿಂತ ಎಷ್ಟೋ ಪಾಲು ಹೆಚ್ಚು ಸುಣ್ಣದಂಶ.

ಹುಳು ಹಾಕಿ ಪ್ರಾಣಿ ಸಾಕುವುದು ನಮಗೆ ಹೊಸತಲ್ಲ. ಕೋಳಿಮರಿ ಹೊರಬಂದ ವಾರ ನಮ್ಮ ಅಜ್ಜಿ ಒರಲೆ ಹಿಡಿದ ಹಳೆಯ ಮಡಲು ತಂದು ಅಂಗಳದಲ್ಲಿ ಕುಟ್ಟುತ್ತಿದ್ದರು. ಗೊಬ್ಬರದ ಗುಂಡಿ ಬಗೆಯುವ ದಿನ ಕೋಳಿಗಳೆಲ್ಲ ಸುತ್ತ ನೆರೆಯುತ್ತಿದ್ದವು. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ದಪ್ಪ ಬಿಳಿ ಮರಿಗಳು ಅಲ್ಲಿ ಸಿಗುತ್ತಿದ್ದವು. ಆ ದುಂಬಿಗೆ ಗೊಬ್ಬರಗುಂಡಿಯೇ ತವರು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಅದನ್ನು ಕೊಲ್ಲುವ ಹಸಿರು ಶಿಲೀಂಧ್ರವನ್ನು ಗುಂಡಿಗೇ ಹಾಕಿ ಎನ್ನುವುದು ಅದಕ್ಕಾಗಿ. ಅಜ್ಜಿಯ ಕಾಲದಲ್ಲಿ ಆ ಕೆಲಸ ಕೋಳಿಯದ್ದಾಗಿತ್ತು. ಹೊಳೆಬದಿಯಲ್ಲಿ ಗಾಳ ಹಾಕುವವರು ನಕ್ಕುರು, ಎಂದರೆ ಎರೆಹುಳು, ಅಗೆಯುವುದನ್ನು ಇಂದಿಗೂ ಕಾಣಬಹುದು.

ಈಗ ಬದಲಾಗಿರುವುದು ತಿನ್ನುವವರು. ಮಂಗಳೂರಿನ ಫ್ಲ್ಯಾಟುಗಳಲ್ಲಿ ಅಂಗಳವಿಲ್ಲ, ಆದರೆ ಗಾಜಿನ ತೊಟ್ಟಿಯಲ್ಲಿ ಅರೋವಾನಾ, ಆಸ್ಕರ್, ಫ್ಲವರ್‌ಹಾರ್ನ್ ಉಂಟು. ಕಾಲೇಜು ಹುಡುಗರ ಕೋಣೆಯ ಕಿಟಕಿಯಲ್ಲಿ ಸಾಲು ಬಾಟಲಿಗಳಲ್ಲಿ ಬೆಟ್ಟಾ ಮೀನು. ಕೆಲವರ ಮನೆಯಲ್ಲಿ ಕಾಕಟೀಲ್ ಹಕ್ಕಿ. ಇವಕ್ಕೆಲ್ಲ ಆಗಾಗ ಜೀವಂತ ಆಹಾರ ಹಾಕುವವರಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ದಕ್ಕೆಯಲ್ಲಿ ಅಗ್ಗದ ಸಣ್ಣ ಮೀನು ಸಿಗದ ಆ ಎರಡು ತಿಂಗಳಂತೂ ಅರೋವಾನಾ ಸಾಕಿದವರು ಹುಳುವಿಗಾಗಿ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ.

ಹೀಗೆ ಅಲೆದ ಯಾರೋ ಒಬ್ಬರು ಒಂದು ದಿನ "ನಾನೇ ಯಾಕೆ ಸಾಕಬಾರದು" ಎಂದುಕೊಳ್ಳುತ್ತಾರೆ. ಆರು ತಿಂಗಳಲ್ಲಿ ಅವರಿಗೆ ತಿಳಿಯುವ ಸಂಗತಿಯೇ ನಾನು ಇಲ್ಲಿ ಹೇಳಬೇಕೆಂದಿರುವುದು: ಹುಳುವನ್ನು ಬೇಕಾದಷ್ಟೇ ಸಾಕಲು ಆಗುವುದಿಲ್ಲ. ಹಟ್ಟಿಯ ದನ ಕರು ಹಾಕುವುದು ಒಂದು; ದುಂಬಿ ಇಡುವುದು ನೂರಾರು. ಒಂದೋ ಸಾಲದು, ಇಲ್ಲವೇ ರಾಶಿ ಮಿಗುತ್ತದೆ. ಹೀಗೆ ಮಿಕ್ಕಿದ್ದು ಡಬ್ಬದೊಳಗೇ ಉಳಿದರೆ ಇಕ್ಕಟ್ಟಿನಲ್ಲಿ ಒಂದನ್ನೊಂದು ತಿಂದು, ಸತ್ತು, ನಾತ ಹುಟ್ಟಿ ಇಡೀ ಸಂತಾನ ಹಾಳಾಗುತ್ತದೆ. ಆದ್ದರಿಂದ ಮಾರುವುದೋ ಹಂಚುವುದೋ ಸಾಕಣೆಯ ಒಳಗಿನ ಕೆಲಸವೇ. ಬಸಳೆ ಹಬ್ಬಿದಾಗ ನಾಲ್ಕು ದಂಟು ಆಚೆ ಮನೆಗೆ ಕೊಡುವುದಿಲ್ಲವೇ, ಅದೇ ಲೆಕ್ಕ.

ಮನೆಯೊಳಗೆ ಶುರುಮಾಡುವವರಿಗೆ ನಾನು ಹೇಳುವುದು ಮೀಲ್‌ವರ್ಮ್. ಕಪ್ಪು ಬಣ್ಣದ ಒಂದು ಹಿಟ್ಟಿನ ದುಂಬಿಯ ಹಳದಿ ಮರಿ ಇದು. ಸದ್ದಿಲ್ಲ, ವಾಸನೆ ಇಲ್ಲವೆನ್ನುವಷ್ಟು ಕಡಿಮೆ, ನುಣುಪು ಪ್ಲಾಸ್ಟಿಕ್ ಗೋಡೆ ಹತ್ತಲಾರದು. ಬಂದರಿನ ಹಿಂಡಿ ಅಂಗಡಿಯಿಂದ ಗೋಧಿ ಬೂಸಾ ತಂದು, ಬಿಸಿಲಿಗೆ ಹಾಕಿ, ಅಗಲದ ಡಬ್ಬದಲ್ಲಿ ಎರಡು ಇಂಚು ಹರಡಿ ದುಂಬಿ ಬಿಟ್ಟರಾಯಿತು. ಬೂಸಾವೇ ಹಾಸಿಗೆ, ಬೂಸಾವೇ ಊಟ. ನೀರಿನ ಬಟ್ಟಲು ಇಡಬಾರದು; ಒಂದು ತುಂಡು ಕ್ಯಾರೆಟ್ ಅಥವಾ ಬಟಾಟೆ ಸಾಕು, ಅದನ್ನೂ ಬಾಡುವ ಮೊದಲೇ ತೆಗೆದು ಬದಲಿಸಬೇಕು. ನಮ್ಮೂರಿನ ಸೆಕೆಯಲ್ಲಿ ಮೊಟ್ಟೆ ಒಡೆಯಲು ಒಂದೆರಡು ವಾರ, ಮರಿ ಬೆಳೆಯಲು ಸುಮಾರು ಹತ್ತು ವಾರ, ಕೋಶವಾಗಿ ಮಲಗಿರುವುದು ಮತ್ತೊಂದೆರಡು ವಾರ. ದುಂಬಿ ಎರಡು ಮೂರು ತಿಂಗಳು ಬದುಕುತ್ತದೆ, ಅಷ್ಟರಲ್ಲಿ ಒಂದು ಹೆಣ್ಣು 300ರ ಹತ್ತಿರ ಮೊಟ್ಟೆ ಇಡುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿಂದ ಮುಂದೆ. ಎಲ್ಲವನ್ನೂ ಒಂದೇ ಡಬ್ಬದಲ್ಲಿ ಬಿಟ್ಟರೆ ದುಂಬಿಗಳು ತಮ್ಮ ಮೊಟ್ಟೆಯನ್ನೇ ತಿನ್ನುತ್ತವೆ, ಅಲುಗಾಡಲಾರದ ಕೋಶಗಳನ್ನೂ ಕಡಿಯುತ್ತವೆ. ಎರಡು ವಾರಕ್ಕೊಮ್ಮೆ ದುಂಬಿಗಳನ್ನು ಜರಡಿ ಹಿಡಿದು ಹೊಸ ಬೂಸಾಕ್ಕೆ ವರ್ಗಾಯಿಸಬೇಕು. ಮೊಟ್ಟೆ ಇರುವ ಹಳೆಯ ಬೂಸಾಕ್ಕೆ ತಾರೀಕು ಬರೆದು ಪಕ್ಕಕ್ಕಿಡಬೇಕು. ಹೀಗೆ ಮಾಡಿದರೆ ಒಂದೊಂದು ಡಬ್ಬದಲ್ಲೂ ಒಂದೇ ವಯಸ್ಸಿನ ಹುಳು ಇರುತ್ತದೆ. ಅಂಗಡಿಯವರು ಕೇಳುವುದೂ ಅದನ್ನೇ. ಬೆಳೆದ ಹುಳು ಒಂದಕ್ಕೆ ಸುಮಾರು 100 ಮಿಲಿಗ್ರಾಂ ತೂಕ. ಹತ್ತು ಸಾವಿರ ಹುಳುವಿಗೆ ಒಂದು ಕಿಲೋ. ಐವತ್ತು ಹೆಣ್ಣು ದುಂಬಿ ಇಟ್ಟ ಮೊಟ್ಟೆಯಲ್ಲಿ ಅರ್ಧ ಹಾಳಾದರೂ ಏಳೂವರೆ ಸಾವಿರ ಹುಳು ಲೆಕ್ಕಕ್ಕೆ ಸಿಗುತ್ತದೆ. ಒಂದು ಅರೋವಾನಾ ದಿನಕ್ಕೆ ಇಪ್ಪತ್ತು ತಿಂದರೂ ವರ್ಷದ ಊಟ! ಬೆಳೆದ ಮೇಲೆ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಇಟ್ಟರೆ ಬೆಳವಣಿಗೆ ನಿಂತು ವಾರಗಟ್ಟಲೆ ಹಾಗೇ ಇರುತ್ತದೆ. ಇದಕ್ಕೆ ಮನೆಯವರ ಒಪ್ಪಿಗೆ ಮೊದಲೇ ಪಡೆಯುವುದು ಒಳ್ಳೆಯದು; ನಮ್ಮಲ್ಲಿ ಡಬ್ಬದ ಮೇಲೆ ದೊಡ್ಡದಾಗಿ ಹೆಸರು ಬರೆದ ಮೇಲೆಯೇ ಒಪ್ಪಿಗೆ ಸಿಕ್ಕಿದ್ದು.

ಮೀಲ್‌ವರ್ಮಿನ ದೊಡ್ಡಣ್ಣ ಸೂಪರ್‌ವರ್ಮ್ ಫ್ರಿಜ್ಜಿನಲ್ಲಿ ಸಾಯುತ್ತದೆ. ಅದರ ಗುಣವೊಂದು ನನ್ನನ್ನು ಮೊದಲ ಬಾರಿ ಬೆರಗುಗೊಳಿಸಿತ್ತು. ಗುಂಪಿನಲ್ಲಿ ಇರುವಷ್ಟು ಕಾಲ ಆ ಮರಿ ಕೋಶವಾಗುವುದೇ ಇಲ್ಲ, ತಿಂಗಳುಗಟ್ಟಲೆ ಮರಿಯಾಗಿಯೇ ಉಳಿಯುತ್ತದೆ. ಒಂದೊಂದನ್ನೇ ಸಣ್ಣ ಕರಡಿಗೆಯಲ್ಲಿ ಒಂಟಿಯಾಗಿ ಕೂಡಿಟ್ಟರೆ ಕೆಲವು ದಿನದಲ್ಲಿ ಮುದುಡಿಕೊಂಡು ಕೋಶ ಕಟ್ಟಲು ತೊಡಗುತ್ತದೆ. ಕೋಶ ಅಲುಗಾಡಲಾರದು, ಗುಂಪಿನಲ್ಲಿದ್ದರೆ ಉಳಿದವು ತಿಂದುಹಾಕುತ್ತವೆ. ಮಾತ್ರೆಯ ಖಾಲಿ ಡಬ್ಬಿಗಳನ್ನು ಕೂಡಿಟ್ಟುಕೊಂಡಿರುವ ಹುಳು ಸಾಕಣೆದಾರರನ್ನು ಕಂಡರೆ ಕಾರಣ ಇದೇ.

ರಾತ್ರಿ ಮೂಲೆಯಲ್ಲಿ ಕಿರ್ರೆನ್ನುವ ಚಿಮ್ಮಂಡೆಯನ್ನೂ ಸಾಕುತ್ತಾರೆ. ಮೊಟ್ಟೆಯ ರಟ್ಟಿನ ಟ್ರೇ ಅವಕ್ಕೆ ಮನೆ, ಒದ್ದೆ ತೆಂಗಿನ ನಾರಿನ ಪುಡಿ ಮೊಟ್ಟೆಯಿಡುವ ಜಾಗ. ಗಂಡುಗಳು ರಾತ್ರಿಯಿಡೀ ಹಾಡುವುದರಿಂದ ಫ್ಲ್ಯಾಟಿಗೆ ಹೇಳಿದ್ದಲ್ಲ.

ಬೆಟ್ಟಾದಂತಹ ಸಣ್ಣ ಮೀನುಗಳಿಗೆ ಹೊಂದುವುದು ಹಣ್ಣಿನ ನೊಣ, ಡ್ರೊಸೊಫಿಲಾ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗ ಈ ನೊಣದ ತಳಿಗಳ ಭಂಡಾರವನ್ನೇ ಇಟ್ಟುಕೊಂಡು ಬಂದಿದೆ. ಅಲ್ಲಿಂದ ಕಲಿತು ಬಂದ ವಿದ್ಯಾರ್ಥಿಗಳೆಲ್ಲರಿಗೂ ಬಾಯಿಪಾಠವಾದ ಅಡುಗೆ ಒಂದುಂಟು: ಒಂದು ಲೀಟರ್ ನೀರು, 100 ಗ್ರಾಂ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್, ಬೂಷ್ಟು ಬಾರದಿರಲು ಏಳೂವರೆ ಮಿಲಿಲೀಟರ್ ಪ್ರೊಪಿಯಾನಿಕ್ ಆಮ್ಲ. ಅಗರ್ ಮತ್ತು ಆಮ್ಲ ಬಿಟ್ಟರೆ ನಮ್ಮ ಸಿಹಿ ಸಜ್ಜಿಗೆಯದೇ ಸಾಮಾನು. ಬಾಟಲಿಗೆ ಹೊಯ್ದು, ಆರಿಸಿ, ಚೂರು ಯೀಸ್ಟ್ ಹಾಕಿ, ಹತ್ತಿಯ ಬಿರಡೆ ಬಿಗಿದರೆ ಹನ್ನೆರಡು ಹದಿನಾಲ್ಕು ದಿನಕ್ಕೆ ಹೊಸ ತಲೆಮಾರಿನ ನೊಣ ತಯಾರು.

ಪುಸ್ತಕ ಓದಿ ಹುಳು ಸಾಕುವವರನ್ನು ಮಂಗಳೂರು ಸೋಲಿಸುವುದು ಮಳೆಗಾಲದಲ್ಲಿ. ವರ್ಷಕ್ಕೆ ಮೂರೂವರೆ ಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು. ಜುಲೈಯಲ್ಲಿ ಹಪ್ಪಳ ಕೈಯಲ್ಲೇ ಮೆತ್ತಗಾಗುವಾಗ ಬೂಸಾ ಗರಿಗರಿಯಾಗಿ ಇದ್ದೀತೇ? ನನ್ನ ಮೊದಲ ವರ್ಷದ ನಾಲ್ಕು ಡಬ್ಬಗಳೂ ಒಂದೇ ವಾರದಲ್ಲಿ ಹೋದವು. ಮೇಲೆ ಬೂಷ್ಟು ಕಂಡಿತು. ಮಾರನೆಯ ದಿನ ಡಬ್ಬದ ಅಂಚಿನಲ್ಲಿ ಕಂದು ಹುಡಿ ಚೆಲ್ಲಿದಂತೆ ಏನೋ ಕಂಡು, ಕನ್ನಡಕ ಹಾಕಿ ನೋಡಿದರೆ ಆ ಹುಡಿ ನಡೆಯುತ್ತಿತ್ತು. ಹಿಟ್ಟಿನ ನುಸಿ ಅದು. ಮೂರು ತಿಂಗಳಿನ ದುಡಿಮೆಯನ್ನು ಗೋಣಿಯಲ್ಲಿ ಕಟ್ಟಿ ಬಿಸಾಡುವಾಗ ಹೊಟ್ಟೆ ಉರಿದದ್ದು ನಿಜ. ಈಗ ಮೇ ತಿಂಗಳಲ್ಲೇ ಬೂಸಾವನ್ನು ಎರಡು ದಿನ ಖಾರ ಬಿಸಿಲಿಗೆ ಹಾಕಿ ಬಿಗಿ ಮುಚ್ಚಳದ ಡ್ರಮ್ಮಿನಲ್ಲಿ ತುಂಬಿಡುತ್ತೇನೆ. ಮಳೆಗಾಲದಲ್ಲಿ ಕ್ಯಾರೆಟ್ ತುಂಡನ್ನು ಸಂಜೆ ಇಟ್ಟು ಬೆಳಿಗ್ಗೆ ತೆಗೆಯುತ್ತೇನೆ. ಬಚ್ಚಲಿನ ಒಲೆಯ ಹಿಂದಿನ ಗೋಡೆಯ ಪಕ್ಕ ಡಬ್ಬಗಳಿಗೆ ಜಾಗ.

ಇರುವೆಯದ್ದು ಇನ್ನೊಂದು ಕಾಟ. ಸ್ಟ್ಯಾಂಡಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಡುವುದು ಎಲ್ಲರಿಗೂ ತಿಳಿದ ಉಪಾಯ. ಆದರೆ ಮಂಗಳೂರಿನಲ್ಲಿ ನಿಂತ ನೀರು ಎಂದರೆ ಸೊಳ್ಳೆಯ ತೊಟ್ಟಿಲು. ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ಈ ನಗರದ ಪಾಲು ಎಷ್ಟೋ ವರ್ಷ ಎಲ್ಲಕ್ಕಿಂತ ದೊಡ್ಡದಾಗಿತ್ತು. ಅದನ್ನು ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಗದ್ದೆಯನ್ನಾಗಲಿ ಚರಂಡಿಯನ್ನಾಗಲಿ ಹುಡುಕಿ ಹೋಗುವುದಿಲ್ಲ. ತಾರಸಿಯ ಟ್ಯಾಂಕಿ, ಕಟ್ಟಡಕ್ಕೆ ಹೊಯ್ದ ನೀರು, ಬಾವಿ, ಹೀಗೆ ಮನುಷ್ಯ ತುಂಬಿಟ್ಟ ಶುದ್ಧ ನೀರೇ ಅದಕ್ಕೆ ಬೇಕು. ಬಟ್ಟಲಿಗೆ ಸಾಬೂನಿನ ನೀರು ಹಾಕಿ, ವಾರಕ್ಕೆರಡು ಸಲ ಚೆಲ್ಲಿ ತೊಳೆಯಿರಿ. ಬಾಲ್ದಿಯಲ್ಲಿ ನೀರಿಟ್ಟು ಸೊಳ್ಳೆಮರಿ ಬೆಳೆಸಿ ಗಪ್ಪಿಗೆ, ಬೆಟ್ಟಾಕ್ಕೆ ಹಾಕುವ ಪಾಠ ಎಲ್ಲೆಡೆ ಸಿಗುತ್ತದೆ. ಮೀನಿಗೆ ಅದು ಒಳ್ಳೆಯ ಆಹಾರವೂ ಹೌದು. ಇಲ್ಲಿ ಮಾತ್ರ ಅದನ್ನು ಮಾಡಲೇಬಾರದು. ಬಿಸಿಲಕಾಲದಲ್ಲಿ ಎಂಟು ಹತ್ತು ದಿನಕ್ಕೆ ಮೊಟ್ಟೆಯಿಂದ ಸೊಳ್ಳೆ ಹಾರುತ್ತದೆ. ಒಂದು ಸಲ ನೀವು ಊರಿಗೆ ಹೋಗಿ ಬಾಲ್ದಿ ಮರೆತರೆ ಬೀದಿಗೇ ಜ್ವರ ಬರಬಹುದು. ಸೊಳ್ಳೆಮರಿ ತಿನ್ನಲೆಂದು ನೀರಿಗೆ ಗಪ್ಪಿ ಬಿಡುವ ಊರಿನಲ್ಲಿ ಗಪ್ಪಿಗಾಗಿ ಸೊಳ್ಳೆ ಬೆಳೆಸುವುದನ್ನು ನಾನು ಒಪ್ಪಲಾರೆ.

ಇಷ್ಟೆಲ್ಲ ಶಿಸ್ತು ಯಾಕೆ ಎನ್ನುವವರು ಒಮ್ಮೆ ರಾಮನಗರ, ಕೋಲಾರದ ಕಡೆ ರೇಷ್ಮೆ ಮನೆಗೆ ಹೋಗಿ ನೋಡಬೇಕು. ಕನ್ನಡದಲ್ಲಿ ಹುಳು ಸಾಕುವ ಭಾಷೆ ಇರುವುದೇ ಅಲ್ಲಿ. ಪೊರೆ ಕಳಚುವ ಮುನ್ನ ಹುಳು ಮೇವು ಬಿಟ್ಟು ತಲೆಯೆತ್ತಿ ನಿಂತರೆ "ಜ್ವರಕ್ಕೆ ಕೂತಿದೆ" ಎನ್ನುತ್ತಾರೆ, ಗೂಡು ಕಟ್ಟುವ ಹದಕ್ಕೆ ಬಂದರೆ "ಹಣ್ಣಾಗಿದೆ" ಎನ್ನುತ್ತಾರೆ. ಜ್ವರದ ಹುಳುವನ್ನು ಮುಟ್ಟುವಂತಿಲ್ಲ. ಮೀಲ್‌ವರ್ಮಿಗೂ ಇದೇ ನಿಯಮ. ಪೊರೆ ಬಿಟ್ಟು ಹಾಲಿನಂತೆ ಬೆಳ್ಳಗಾದ ಹುಳುವನ್ನು ಆ ದಿನ ಜರಡಿಯಲ್ಲಿ ಆಡಿಸಬಾರದು. ಹುಳುವಿನ ಮಾರಾಟವೂ ಅವರಿಗೆ ಹಳತು. ಮೊಟ್ಟೆ ಒಡೆದಲ್ಲಿಂದ ಎರಡನೇ ಜ್ವರದವರೆಗೆ ನಾಜೂಕಾಗಿ ಸಾಕಿದ ಚಾಕಿ ಹುಳುವನ್ನು ಸುತ್ತಲಿನ ರೈತರಿಗೆ ಮಾರುವುದೇ ಚಾಕಿ ಕೇಂದ್ರಗಳ ಕಸುಬು. ಮಂಡ್ಯದ ಕಡೆ ಕಬ್ಬಿನ ಗದ್ದೆಗೆ ಕಟ್ಟುವ ಟ್ರೈಕೋಗ್ರಾಮ ಕಾರ್ಡು ಇನ್ನೊಂದು ಉದಾಹರಣೆ. ಜೋಳ, ಸಜ್ಜೆಯ ನುಚ್ಚಿನಲ್ಲಿ ಅಕ್ಕಿ ಪತಂಗ ಸಾಕಿ, ಅದರ ಮೊಟ್ಟೆಯೊಳಗೆ ಪರೋಪಜೀವಿ ಕಣಜವನ್ನು ಬೆಳೆಸಿ, ಕಾಗದಕ್ಕೆ ಅಂಟಿಸಿ ಕೊಡುತ್ತಾರೆ. ಒಂದು ಕಾರ್ಡಿನಲ್ಲಿ ಇಪ್ಪತ್ತು ಸಾವಿರದ ಹತ್ತಿರ ಮೊಟ್ಟೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಇಂತಹ ಕೀಟಗಳ ಸಾಕಣೆಯನ್ನು ಕಲಿಸಿಕೊಡುತ್ತದೆ.

ನಾಶದ ಪಾಠವೂ ನಮ್ಮಲ್ಲಿ ಉಂಟು. ರೇಷ್ಮೆಹುಳುವಿನ ಮೈಯಲ್ಲಿ ಮೊಟ್ಟೆಯಿಡುವ ಊಜಿ ನೊಣ 1980ರಲ್ಲಿ ಪಶ್ಚಿಮ ಬಂಗಾಳದ ಗೂಡುಗಳೊಂದಿಗೆ ಕರ್ನಾಟಕಕ್ಕೆ ಬಂತು, ಮತ್ತೆ ಹೋಗಲಿಲ್ಲ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದಾಗ ಪುತ್ತೂರು, ಸುಳ್ಯದ ತೋಟಗಳಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳು ಬರಿದಾದವು. ಅಮೆರಿಕದಲ್ಲಿ ಚಿಮ್ಮಂಡೆ ಸಾಕುವ ದೊಡ್ಡ ದೊಡ್ಡ ಕೇಂದ್ರಗಳನ್ನು 2010ರ ಆಸುಪಾಸಿನಲ್ಲಿ ಒಂದು ಡೆನ್ಸೊವೈರಸ್ ಮುಚ್ಚಿಸಿತು. ಆದ್ದರಿಂದ ಯಾರಿಂದಲೇ ತಂದ ಹುಳುವಾಗಲಿ ಮೂರು ವಾರ ಬೇರೆ ಡಬ್ಬದಲ್ಲಿಡಿ, ಬೇರೆ ಜರಡಿ ಬಳಸಿ. ಸಾಕಿ ಸಾಕಾಯಿತೆಂದು ಹೊರದೇಶದ ದುಂಬಿಯನ್ನು ಹಿತ್ತಿಲಿಗೆ ಬಿಡಬೇಡಿ. ಬೇಡವಾದದ್ದನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟು ಆಮೇಲೆ ಗೊಬ್ಬರಕ್ಕೆ ಹಾಕಿ.

ಇನ್ನು ಮಾರಾಟ. ಜೀವವಿರುವ ಸರಕು ದೂರ ಹೋಗಬಾರದು. ಏಪ್ರಿಲಿನ ಸೆಕೆಯಲ್ಲಿ ಕೊರಿಯರ್ ಚೀಲದೊಳಗೆ ಎರಡು ದಿನ ಬೆಂದ ಹುಳು ಯಾರಿಗೂ ಬೇಡ. ನಡೆದೋ ಸ್ಕೂಟರಿನಲ್ಲೋ ತಲುಪುವಷ್ಟು ದೂರವೇ ಸರಿಯಾದ ಮಾರುಕಟ್ಟೆ. ಮೊದಲು ಹತ್ತಿರದ ಅಕ್ವೇರಿಯಂ ಅಂಗಡಿಯವರ ಹತ್ತಿರ ಮಾತಾಡಿ. ವಾರಕ್ಕೆ ಎಷ್ಟು, ಯಾವ ಗಾತ್ರ, ಯಾವ ದಿನ ಎಂದು ಒಪ್ಪಿಕೊಂಡರೆ ಆ ಮಾತು ಉಳಿಸಿಕೊಳ್ಳಬೇಕು. ಒಂದು ವಾರ ತಪ್ಪಿದರೆ ಅವರ ಗಿರಾಕಿಯ ಮೀನು ಉಪವಾಸ. ಬಿಡಿ ಮಾರುವಾಗ ನೂರರ ಲೆಕ್ಕ, ಅಂಗಡಿಗೆ ಕೊಡುವಾಗ ತೂಕದ ಲೆಕ್ಕ. ತೂಕ ಮಾಡುವ ಮುನ್ನ ಬೂಸಾ, ಹಿಕ್ಕೆ, ಪೊರೆಯನ್ನು ಗೆರಸೆಯಲ್ಲಿ ಕೇರಿಬಿಡಬೇಕು. ಮುಚ್ಚಳಕ್ಕೆ ಸೂಜಿಯ ತೂತು, ಒಳಗೆ ಒಂದು ಹಿಡಿ ಹೊಸ ಬೂಸಾ, ಮೇಲೆ ತಾರೀಕು. ಇದರಿಂದ ಸಂಸಾರ ಸಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೀನಿನ ಆಹಾರದ ಖರ್ಚು ಹೋಗಿ ಬೂಸಾದ ದುಡ್ಡು ಹುಟ್ಟುತ್ತದೆ, ಮತ್ತೆ ಸ್ವಲ್ಪ ಉಳಿಯುತ್ತದೆ.

ಕೊಳ್ಳುವವರಿಗೂ ಎರಡು ಮಾತು ಹೇಳಿಯೇ ಕೊಡಬೇಕು. ಮೀಲ್‌ವರ್ಮಿನಲ್ಲಿ ಸುಣ್ಣದಂಶ ಕಡಿಮೆ. ಹಕ್ಕಿಗೆ ಅದನ್ನೇ ಹಾಕುತ್ತಾ ಹೋದರೆ ಎಲುಬು ಮೆತ್ತಗಾಗುತ್ತದೆ. ತಣ್ಣೀರುಬಾವಿ ಕಡಲತಡಿಯ ಮರಳಿನಲ್ಲಿ ಸಿಗುವ ಬೊಂಡಾಸ್ ಜಾತಿಯ ಮೀನಿನ ಬಿಳಿ ಹಗುರ ಚಿಪ್ಪನ್ನು ತೊಳೆದು ಪುಡಿಮಾಡಿ ಹುಳುವಿಗೆ ಹೊರಳಿಸಿ ಕೊಡಬಹುದು. ಮತ್ತೆ, ಸಿಗಡಿ ತಿಂದರೆ ಮೈ ತುರಿಸುವವರು ಹುಳುವಿನ ಡಬ್ಬಕ್ಕೆ ಕೈ ಹಾಕುವಾಗ ಜಾಗ್ರತೆ. ಸಿಗಡಿಯಲ್ಲಿ ಅಲರ್ಜಿ ತರುವ ಪ್ರೊಟೀನಿನಂಥದ್ದೇ ಹುಳುವಿನಲ್ಲೂ ಇದೆ. ಜರಡಿ ಹಿಡಿಯುವಾಗ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುವುದು ಎಲ್ಲರಿಗೂ ಒಳ್ಳೆಯದು. ಗಿಳಿ, ಮುನಿಯ, ನಕ್ಷತ್ರ ಆಮೆ ಸಾಕುತ್ತೇನೆಂದು ಹುಳು ಕೇಳಿ ಬಂದವರಿಗೆ ನಾನು ಕೊಡುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನಮ್ಮ ಕಾಡಿನ ಪ್ರಾಣಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ಮಡಕೆಯ ಕಪ್ಪು ನೊಣದ ಮರಿಯನ್ನು ಮಾರಬಹುದೇ ಎಂದು ಅಕ್ಕ ಕೇಳಿದ್ದರು. ಯುರೋಪಿನ ಒಕ್ಕೂಟ 2017ರಲ್ಲಿ ಮೀನಿನ ಮೇವಿಗೆ, 2021ರಲ್ಲಿ ಕೋಳಿ ಮತ್ತು ಹಂದಿಯ ಮೇವಿಗೆ ಕೀಟದ ಪ್ರೊಟೀನನ್ನು ಒಪ್ಪಿತು. ಆದರೆ ಅಡುಗೆಮನೆಯ ಎಂಜಲಿನಲ್ಲಿ ಬೆಳೆದ ಹುಳುವನ್ನು ಅಲ್ಲಿ ಒಪ್ಪುವುದಿಲ್ಲ. ನನಗೂ ಅದೇ ಸರಿ ಎನಿಸುತ್ತದೆ. ನಮ್ಮ ಕಸದಲ್ಲಿ ಏನಿತ್ತೆಂದು ನಮಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಮಡಕೆಯ ಹುಳು ನಮ್ಮ ಕೋಳಿಗೆ, ಬೂಸಾದ ಹುಳು ಮಾರಾಟಕ್ಕೆ.

ಹಾಗೆಂದು ಮಡಕೆಯ ಹುಳು ಕಡಿಮೆಯದ್ದೇನಲ್ಲ. 2019ರ ಆಗಸ್ಟಿನ ಮಳೆಗೆ ನಮ್ಮ ನಗರದ ಕಸ ಸುರಿಯುವ ಪಚ್ಚನಾಡಿಯ ಗುಡ್ಡ ಜರಿದು ಮಂದಾರ ಎಂಬಲ್ಲಿನ ಮನೆಗಳನ್ನೂ ತೆಂಗು ಕಂಗಿನ ತೋಟಗಳನ್ನೂ ಮುಚ್ಚಿತು. ಅಲ್ಲಿದ್ದವರು ಮನೆ ಬಿಟ್ಟು ಹೊರಟರು. ನಾವು ಚೀಲ ಕಟ್ಟಿ ಕೊಟ್ಟ ಅನ್ನ, ಸಿಪ್ಪೆ, ಮೀನಿನ ತಲೆಯೇ ಆ ಗುಡ್ಡ. ಸಿಪ್ಪೆಯನ್ನು ಮಡಕೆಯಲ್ಲೇ ಮುಗಿಸುವ ಹುಳುವಿಗೆ ಬಿಸಿನೀರು ಹೊಯ್ಯುವಾಗ ಮಂದಾರ ನೆನಪಾಗಬೇಕು ಎಂದು ನನಗೆ ಅನಿಸುತ್ತದೆ. ಮೀನಿನ ವಿಷಯಕ್ಕೂ ಇಲ್ಲಿ ಕೊರತೆಯಿಲ್ಲ. 1969ರಲ್ಲಿ ಆರಂಭವಾದ ಮೀನುಗಾರಿಕಾ ಕಾಲೇಜು ನಮ್ಮ ಎಕ್ಕೂರಿನಲ್ಲೇ ಇದೆ. ಬೂತಾಯಿ ಮೀನನ್ನು ಪುಡಿಮಾಡಿ ಮೇವು ಮಾಡುವ ಕಾರ್ಖಾನೆಗಳು ಕರಾವಳಿಯುದ್ದಕ್ಕೂ ಇವೆ. ಕಸ, ಮೀನು, ಹುಳು ಮೂರನ್ನೂ ಒಟ್ಟಿಗೆ ಇಟ್ಟು ಯೋಚಿಸಲು ಇದಕ್ಕಿಂತ ಹೊಂದುವ ಊರು ಯಾವುದು?

ಶುರುಮಾಡುವವರು ತುಳಸಿ ಪೂಜೆ ಕಳೆದ ಮೇಲೆ, ಗಾಳಿ ಒಣಗಿದಾಗ ಮಾಡಿ. ಆಗ ಇಟ್ಟ ದುಂಬಿಯ ಮರಿ ಶಿವರಾತ್ರಿಯ ಹೊತ್ತಿಗೆ ಜರಡಿಗೆ ಬರುತ್ತದೆ. ಬಿಸು ಹಬ್ಬಕ್ಕೆ ಎರಡನೇ ತಲೆಮಾರಿನ ದುಂಬಿ ಓಡಾಡುತ್ತಿರುತ್ತದೆ, ಮಾರಲು ಹುಳುವೂ ಇರುತ್ತದೆ. ಮಳೆಗಾಲಕ್ಕೆ ತುಸು ಮುಂಚೆ ಬರುವ ಪತ್ತನಾಜೆಗೆ ಮೊದಲು ಮುಕ್ಕಾಲು ಪಾಲು ಕೊಟ್ಟುಬಿಡಿ, ಮಳೆಗಾಲ ದಾಟಿಸಲು ಎರಡೇ ಡಬ್ಬ ಸಾಕು. ಜರಡಿಯ ಕೆಳಗೆ ಬಿದ್ದ ಹಿಕ್ಕೆಯನ್ನು ಬಿಸಾಡಬೇಡಿ, ಬಸಳೆಯ ಬುಡಕ್ಕೆ ಹಾಕಿ. ಈ ವರ್ಷ ನಮ್ಮ ಚಪ್ಪರ ದಾಟಿ ಅಕ್ಕನ ಕಂಪೌಂಡಿನ ಮೇಲೂ ಹಬ್ಬಿದೆ.